ತಪ್ಪು ಹೌದು, ಕಾಸಿಲ್ಲ

"ಕೋರ್ಟಲ್ಲಿ ಕೈಮುಗಿದು ಕೇಳ್ಕೊಂಡ್ರೆ ದಂಡ ಬಿಟ್ಬಿಡ್ತಾರಾ ಅಕ್ಕಾ?"

ಕೇಳಿದವನು ನಮ್ಮ ಬೀದಿಗೆ ಬರುವ ಸೊಪ್ಪಿನವನು. ಕೇಳಿದ್ದು ನನ್ನನ್ನು. ಉತ್ತರ ಹೇಳಬಲ್ಲವರು ಮಾತ್ರ ಬೇಲಿಯಾಚೆಯ ಅಕ್ಕ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ದಾಸವಾಳ ಕೊಯ್ಯುತ್ತಿದ್ದವರು ಬುಟ್ಟಿ ಕೆಳಗಿಟ್ಟು, "ಏನಪ್ಪಾ ಕೇಸು? ಗಾಡೀದಾ?" ಅಂದರು. ಅಲ್ಲಿ ಹತ್ತಿಕೊಂಡ ಮಾತು ಬಿಸಿಲೇರುವ ತನಕ ನಿಲ್ಲಲಿಲ್ಲ.

ಗಾಡಿಯದೇ. ಶ್ರೀರಂಗಪಟ್ಟಣದ ಕಡೆಯಿಂದ ಬೆಳಗಿನ ಜಾವ ದಂಟು, ಕೀರೆ, ಸಬ್ಬಸಿಗೆ ಹೇರಿಕೊಂಡು ಟಿವಿಎಸ್ ಎಕ್ಸೆಲ್‌ನಲ್ಲಿ ಬರುತ್ತಾನೆ. ಗಾಡಿ ಅವನ ಭಾವಮೈದುನನಿಂದ ಕೊಂಡದ್ದು. ಆರ್‌ಸಿ ಇನ್ನೂ ಭಾವಮೈದುನನ ಹೆಸರಿನಲ್ಲೇ ಇದೆ, ಮೊಬೈಲ್ ನಂಬರೂ ಅವನದೇ. ಸಿಗ್ನಲ್ಲಿನ ಕ್ಯಾಮೆರಾ ಇವನ ಬರಿ ತಲೆಯನ್ನು ಒಂದೊಂದೇ ದಿನ ಹಿಡಿದು ಹಾಕಿದೆ, ನೋಟಿಸು ಬೇರೆಯವರ ಫೋನಿಗೆ ಹೋಗಿದೆ. ಯಾರೋ ಪೊಲೀಸು ಗಾಡಿ ನಿಲ್ಲಿಸಿ ನಂಬರ್ ಒತ್ತಿದಾಗಲೇ ಇವನಿಗೆ ಗೊತ್ತಾಗಿದ್ದು: ಹೆಲ್ಮೆಟ್ ಇಲ್ಲದ್ದಕ್ಕೆ 7 ಸಲ, ಸಲಕ್ಕೆ 500, ಒಟ್ಟು 3,500 ರೂಪಾಯಿ.

"ತಪ್ಪು ಮಾಡಿಲ್ಲ ಅಂತ ನಾನು ಅನ್ನಲ್ಲ," ಅಂದ. "ಹಾಕ್ಕೊಂಡಿರ್ಲಿಲ್ಲ, ನಿಜ. ಇನ್ನು ಹಾಕ್ಕೋತೀನಿ. ಆದ್ರೆ ಮೂರೂವರೆ ಸಾವಿರ ಎಲ್ಲಿಂದ ತರ್ಲಿ?"

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಬಿಡ್ತಾರೆ ಅಂತ ಹೇಳಿ ನಿನ್ನ ಕಳಿಸೋಕಾಗಲ್ಲ. ಬಿಡೋದೇ ಇಲ್ಲ ಅಂತ ಹೇಳೋದೂ ತಪ್ಪಾಗುತ್ತೆ. ಕೇಳೋಕೆ ನಿನಗೆ ಹಕ್ಕಿದೆ. ಅದನ್ನ ಎಲ್ಲಿ, ಯಾವಾಗ, ಹೇಗೆ ಕೇಳ್ಬೇಕು ಅನ್ನೋದೇ ಯಾರಿಗೂ ಗೊತ್ತಿಲ್ಲ."

ಅವನಿಗೆ ಇನ್ನೂ ನಾಲ್ಕು ಬೀದಿ ಸುತ್ತುವುದಿತ್ತು, ಸೊಪ್ಪು ಬಾಡುತ್ತಿತ್ತು. ನಾಳೆ ಬರುತ್ತೇನೆಂದು ಹೊರಟ. ನಾವಿಬ್ಬರೂ ಬೇಲಿಯ ಹತ್ತಿರವೇ ಉಳಿದೆವು.

ಅಕ್ಕನ ಮಾತಿನಿಂದ ನನಗೆ ಮೊದಲು ತಿಳಿದದ್ದು ಇದು. ರಸ್ತೆಯಲ್ಲಿ ಪೊಲೀಸರಿಗೋ ಆನ್‌ಲೈನಿನಲ್ಲೋ ನಾವು ಕಟ್ಟುವ ಹಣ, ಕಾನೂನಿನ ಕಣ್ಣಿನಲ್ಲಿ ರಾಜಿಯ ಹಣ. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ಸರ್ಕಾರ ಒಂದು ಮೊತ್ತ ಗೊತ್ತುಮಾಡಿರುತ್ತದೆ, ಅದನ್ನು ಕಟ್ಟಿದರೆ ಕೇಸು ಅಲ್ಲಿಗೆ ಮುಗಿಯಿತು. ಆ ಮೊತ್ತ ಇಳಿಸುವ ಅಧಿಕಾರ ಸಬ್ ಇನ್‌ಸ್ಪೆಕ್ಟರಿಗಿಲ್ಲ. "ಸ್ವಾಮೀ, ನೂರು ರೂಪಾಯಿ ಕಮ್ಮಿ ಮಾಡ್ಕೊಳ್ಳಿ" ಎಂದು ಬಡವ ಅವರ ಮುಂದೆ ಗೋಗರೆದರೆ, ಅವರ ಕೈಯಲ್ಲಿಲ್ಲದ್ದನ್ನು ಕೇಳಿದಂತಾಯಿತು. ಕಟ್ಟದಿದ್ದವನ ಕೇಸು ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ಮನುಷ್ಯನ ಕಷ್ಟ ಕೇಳುವ ಅಧಿಕಾರ ಇರುವುದು ಅಲ್ಲಿ.

ಅಲ್ಲಿ ನಡೆಯುವುದೇನು? ಅಕ್ಕ ಇಡೀ ಸೇವಾವಧಿ ಕಂಡದ್ದನ್ನು ಹೇಳಿದರು. ಸಣ್ಣ ಕೇಸುಗಳ ದಿನ ಹೊರಗಿನ ಜಗಲಿ ತುಂಬಿರುತ್ತದೆ. ಹೆಸರು ಕೂಗುತ್ತಾರೆ, ಮನುಷ್ಯ ಒಳಗೆ ಬಂದು ನಿಲ್ಲುತ್ತಾನೆ. "ತಪ್ಪು ಒಪ್ಕೊಳ್ತೀರಾ?" ಎಂಬ ಪ್ರಶ್ನೆ. ಅವನು ತಲೆಯಾಡಿಸುತ್ತಾನೆ. "ದಂಡ ಇಷ್ಟು." ಅಷ್ಟೇ. ಮುಂದಿನ ಹೆಸರು. ಕಾಸಿದ್ದವನು ಕೌಂಟರಿಗೆ ಹೋಗಿ ರಸೀದಿ ತೆಗೆದುಕೊಂಡು ಹೊರಡುತ್ತಾನೆ. ಇಲ್ಲದವನು ಜಗಲಿಯಲ್ಲಿ ನಿಂತು ಒಬ್ಬೊಬ್ಬರಿಗೇ ಫೋನ್ ಹಚ್ಚುತ್ತಾನೆ: ಮೇಸ್ತ್ರಿಗೆ, ಮಾವನಿಗೆ, ಬಡ್ಡಿಗೆ ಕೊಡುವವನಿಗೆ. ಹೆಂಡತಿ ಕಿವಿಯ ಓಲೆ ಬಿಚ್ಚಿ ಗಿರವಿ ಅಂಗಡಿಗೆ ಕಳಿಸಿದ್ದನ್ನೂ ಅಕ್ಕ ಕಂಡಿದ್ದಾರೆ. "ಸಾಯಂಕಾಲ ಕೌಂಟರ್ ಮುಚ್ಚೋ ಹೊತ್ತಿಗೆ ಎಲ್ರೂ ಹೇಗೋ ಕಟ್ಟಿರ್ತಿದ್ರು ಕಣೇ," ಅಂದರು. "ನಮ್ಮ ರಿಜಿಸ್ಟರಲ್ಲಿ ದಂಡ ವಸೂಲಾಯ್ತು ಅಂತ ಬರ್ಕೊಳ್ತಿದ್ವಿ. ಆ ದುಡ್ಡು ಎಲ್ಲಿಂದ ಬಂತು ಅಂತ ಬರೆಯೋಕೆ ಅದ್ರಲ್ಲಿ ಕಾಲಂ ಇರ್ಲಿಲ್ಲ."

ಈಗ ಬಹಳಷ್ಟು ಟ್ರಾಫಿಕ್ ಕೇಸುಗಳು ವರ್ಚುವಲ್ ಕೋರ್ಟಿಗೆ ಹೋಗುತ್ತವೆ. ಮನೆಯಲ್ಲೇ ಕೂತು ಫೋನಿನಲ್ಲಿ ಮುಗಿಸಬಹುದು, ಒಂದು ದಿನದ ಕೂಲಿ ಉಳಿಯುತ್ತದೆ. ಅದು ದೊಡ್ಡ ಉಪಕಾರವೇ. ಆದರೆ ಅಲ್ಲಿ ಕಾಣುವ ದಾರಿ ಎರಡು: ಸೂಚಿಸಿದ ದಂಡ ಒಪ್ಪಿ ಕಟ್ಟುತ್ತೇನೆ, ಇಲ್ಲವೇ ತಕರಾರು ಹೂಡುತ್ತೇನೆ. ತಕರಾರು ಎಂದರೆ ಕೇಸು ಮಾಮೂಲಿ ಕೋರ್ಟಿಗೆ ಹೋಗುತ್ತದೆ. ಸೊಪ್ಪಿನವನು ಎರಡರಲ್ಲಿ ಯಾವುದನ್ನು ಒತ್ತಬೇಕು? ತಪ್ಪು ಮಾಡಿಲ್ಲ ಎಂದು ಸುಳ್ಳು ಹೇಳಲು ಅವನಿಗೆ ಮನಸ್ಸಿಲ್ಲ. ಕಟ್ಟುತ್ತೇನೆ ಎನ್ನಲು ಕಾಸಿಲ್ಲ. 'ತಪ್ಪು ಹೌದು, ಕೊಡಲು ನನ್ನ ಹತ್ತಿರ ಇಲ್ಲ' ಎನ್ನುವ ಮೂರನೆಯ ಗುಂಡಿ ಅಲ್ಲಿಲ್ಲ. ಅಕ್ಕ ವಿವರಿಸುತ್ತಿದ್ದಂತೆ ನನಗೆ ಬಲವಾಗಿ ಅನ್ನಿಸತೊಡಗಿದ್ದು ಇದೇ. ಪ್ರಾಮಾಣಿಕನಾದ ಬಡವನು ಹೇಳಬೇಕಾದ ಮಾತಿಗೇ ನಮ್ಮ ವ್ಯವಸ್ಥೆ ಜಾಗ ಮಾಡಿಲ್ಲ.

"ಮೊದಲು ಇಷ್ಟು ಕಷ್ಟ ಇರ್ಲಿಲ್ವೇನಕ್ಕಾ?" ಎಂದೆ.

"ಮೊತ್ತ ಇಷ್ಟಿರ್ಲಿಲ್ಲ."

2019ರ ಸೆಪ್ಟೆಂಬರ್ 1ರಂದು ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಹೊಸ ದಂಡಗಳು ಜಾರಿಗೆ ಬಂದದ್ದು ನಮಗೆಲ್ಲ ನೆನಪಿದೆ. ಹೆಲ್ಮೆಟ್ ಇಲ್ಲದ್ದಕ್ಕೆ 100 ಇದ್ದದ್ದು 1,000 ಆಯಿತು. ಲೈಸೆನ್ಸ್ ಇಲ್ಲದ್ದಕ್ಕೆ 500 ಇದ್ದದ್ದು 5,000. ಕುಡಿದು ಓಡಿಸಿದರೆ 2,000 ಇದ್ದದ್ದು 10,000. ಜನ ಗಾಬರಿಯಾದರು. ಕರ್ನಾಟಕ ಸರ್ಕಾರ ಅದೇ ತಿಂಗಳಲ್ಲಿ ಹಲವು ಮೊತ್ತಗಳನ್ನು ಇಳಿಸಿತು, ಹೆಲ್ಮೆಟ್ಟಿನದು 500ಕ್ಕೆ ಬಂತು. ಆದರೆ ಆ ಇಳಿಕೆ ರಾಜಿಯ ಹಣಕ್ಕೆ ಸಂಬಂಧಪಟ್ಟದ್ದು. ಕಾಯ್ದೆಯಲ್ಲಿ ಹೆಲ್ಮೆಟ್ಟಿನ ದಂಡ ಈಗಲೂ 1,000. 'ಇಷ್ಟರವರೆಗೆ ವಿಧಿಸಬಹುದು' ಎಂದಿರುವ ಕಡೆ ನ್ಯಾಯಾಧೀಶರು ಮನುಷ್ಯನ ಮುಖ ನೋಡಿ ಇಳಿಸಬಹುದು. 'ಇಷ್ಟು' ಎಂದೇ ಬರೆದಿಟ್ಟ ಕಡೆ ಅವರ ಕೈಯೂ ಕಟ್ಟಿದಂತೆ. ಹಾಗಾಗಿ 500 ಕಟ್ಟಲಾರದವನು ಕೋರ್ಟಿಗೆ ಹೋದರೆ 1,000ದ ಎದುರು ನಿಲ್ಲುವ ಸಂಭವವೂ ಇದೆ. ಇದನ್ನು ಕೇಳಿ ನನಗೆ ನಿಜವಾಗಿ ಸಂಕಟವಾಯಿತು.

ಅಕ್ಕ ಮಾತ್ರ ಅಷ್ಟಕ್ಕೆ ಕೈಬಿಡುವವರಲ್ಲ. "ಮೊತ್ತ ಇಳಿಸೋಕಾಗದಿದ್ರೂ ಬೇರೆ ದಾರಿಗಳಿವೆ," ಎಂದು ಶುರುಮಾಡಿದರು.

ಒಂದು, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಹಿಂದೆ ಯಾವುದೇ ಕೇಸಿನಲ್ಲಿ ಶಿಕ್ಷೆಯಾಗಿರದವನು ಸಣ್ಣ ತಪ್ಪು ಮಾಡಿದ್ದರೆ, ಅದರ 3ನೇ ಸೆಕ್ಷನ್ ಪ್ರಕಾರ ಕೋರ್ಟು ಅವನಿಗೆ ಬುದ್ಧಿ ಹೇಳಿ, ದಂಡವನ್ನೇ ವಿಧಿಸದೆ ಕಳಿಸಬಹುದು. ದಂಡ ಮಾತ್ರ ಇರುವ ಅಪರಾಧಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ, ಕೇಳಲು ಮಾತ್ರ ಯಾರ ಅಡ್ಡಿಯೂ ಇಲ್ಲ. ಕೇಳುವವರೇ ಅಪರೂಪ ಎಂದರು ಅಕ್ಕ.

ಇನ್ನೊಂದು, ಕಂತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 464ನೇ ಸೆಕ್ಷನ್, ಹಳೆಯ ಸಿಆರ್‌ಪಿಸಿಯಲ್ಲಿ 424. ದಂಡ ಕಟ್ಟದಿದ್ದರೆ ಜೈಲು ಎಂದು ಆದೇಶವಾಗಿ, ಹಣ ಕೂಡಲೇ ಕೊಡಲಾಗದಿದ್ದರೆ, ಕೋರ್ಟು 30 ದಿನ ಕಾಲಾವಕಾಶ ಕೊಡಬಹುದು. ಅಥವಾ ಎರಡು ಮೂರು ಕಂತು ಮಾಡಿಕೊಡಬಹುದು. ಮೊದಲ ಕಂತು 30 ದಿನದೊಳಗೆ, ಆಮೇಲಿನವು ಒಂದೊಂದು 30 ದಿನ ಮೀರದ ಅಂತರದಲ್ಲಿ. ಅಲ್ಲಿಯ ತನಕ ಜೈಲಿನ ಮಾತು ತಡೆಯಲ್ಲಿರುತ್ತದೆ. ಸೊಪ್ಪಿನವನಿಗೆ ಮೂರು ತಿಂಗಳು ಸಿಕ್ಕರೆ ಬಡ್ಡಿಯವನ ಮನೆ ಬಾಗಿಲು ತಪ್ಪುತ್ತದೆ. ಇಷ್ಟು ಸರಳವಾದ, ಇಷ್ಟು ಮನುಷ್ಯತ್ವದ ಸೌಲಭ್ಯ ಕಾನೂನಿನ ಪುಸ್ತಕದಲ್ಲಿ ದಶಕಗಳಿಂದ ಇದೆ. ಜಗಲಿಯಲ್ಲಿ ಫೋನ್ ಹಿಡಿದು ನಿಂತವರಿಗೆ ಇದನ್ನು ಹೇಳುವವರು ಯಾರು?

ದಂಡ ಕಟ್ಟದಿದ್ದರೆ ಜೈಲು ಎಂದೆನಲ್ಲ, ಅದರ ಲೆಕ್ಕವೂ ಕೇಳುವಂಥದ್ದು. 1860ರ ಐಪಿಸಿಯಲ್ಲಿ, ದಂಡ ಮಾತ್ರ ಇರುವ ಅಪರಾಧಕ್ಕೆ 50 ರೂಪಾಯಿ ತನಕದ ದಂಡ ಕಟ್ಟದವನಿಗೆ ಹೆಚ್ಚೆಂದರೆ 2 ತಿಂಗಳ ಸಾದಾ ಸಜೆ, 100ರ ತನಕ 4 ತಿಂಗಳು, ಅದಕ್ಕೂ ಮೇಲೆ 6 ತಿಂಗಳು ಎಂದಿತ್ತು. ಆ 50, ಆ 100 ಬ್ರಿಟಿಷರ ಕಾಲದಿಂದ ಹಾಗೇ ಕೂತಿದ್ದವು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆ ಅವನ್ನು ಬದಲಿಸಿತು: 5,000ದ ತನಕ 2 ತಿಂಗಳು, 10,000ದ ತನಕ 4 ತಿಂಗಳು, ಅದರ ಮೇಲೆ 1 ವರ್ಷ. ಇವೆಲ್ಲ ಗರಿಷ್ಠ ಮಿತಿಗಳು. ಸಣ್ಣ ಕೇಸಿನಲ್ಲಿ ಯಾವ ನ್ಯಾಯಾಧೀಶರೂ ಅಲ್ಲಿಯ ತನಕ ಹೋಗುವುದಿಲ್ಲ ಎಂದು ಅಕ್ಕ ಸಮಾಧಾನ ಹೇಳಿದರು. ಆದರೂ ದುಡ್ಡಿದ್ದವನಿಗೆ ಎಂದೂ ತೆರೆಯದ ಒಂದು ಬಾಗಿಲು, ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ಇನ್ನೊಬ್ಬನಿಗೆ ತೆರೆದಿರುತ್ತದಲ್ಲ ಎಂಬ ನನ್ನ ಚಡಪಡಿಕೆ ಹೋಗಲಿಲ್ಲ.

ಅದನ್ನೇ ಅಕ್ಕನ ಮುಂದೆ ಹೇಳುವಾಗ ಪ್ರೆಸ್ಟನ್ ಟೇಟ್ ನೆನಪಾದ. ಅಮೆರಿಕದ ಟೆಕ್ಸಾಸಿನ ಹ್ಯೂಸ್ಟನ್ ನಗರದವನು. ಅವನ ಮೇಲೆ ಒಂಬತ್ತು ಟ್ರಾಫಿಕ್ ಕೇಸುಗಳಿದ್ದವು, ಎಲ್ಲ ಸೇರಿ 425 ಡಾಲರ್ ದಂಡ. ಹೆಂಡತಿ, ಇಬ್ಬರು ಮಕ್ಕಳು. ಮಾಜಿ ಸೈನಿಕರಿಗೆ ಬರುವ ತಿಂಗಳ 104 ಡಾಲರ್ ಜೊತೆಗೆ ಸಿಕ್ಕ ಕೆಲಸ ಮಾಡಿದರೆ ವಾರಕ್ಕೆ 25ರಿಂದ 60 ಡಾಲರ್. ಕೊಡಲು ಇಲ್ಲ ಎಂದ. ಹಾಗಾದರೆ ದಿನಕ್ಕೆ 5 ಡಾಲರಿನಂತೆ ವಜಾ ಮಾಡುತ್ತೇವೆ ಎಂದು 85 ದಿನಕ್ಕೆ ಅವನನ್ನು ನಗರದ ಬಂದೀಖಾನೆಗೆ ಕಳಿಸಿದರು. ಆ ಕಾಲಕ್ಕೆ ಟೆಕ್ಸಾಸಿನ ಕಾನೂನಿನಲ್ಲಿ ಆ ತಪ್ಪುಗಳಿಗೆ ಇದ್ದದ್ದು ದಂಡ ಮಾತ್ರ, ಜೈಲು ಶಿಕ್ಷೆಯೇ ಇರಲಿಲ್ಲ. ಅವನಂತೆಯೇ ಗಾಡಿ ಓಡಿಸಿ, ಅದೇ ತಪ್ಪು ಮಾಡಿದ ಹಣವಂತ 425 ಡಾಲರ್ ಎಣಿಸಿ ಮನೆಗೆ ಹೋಗುತ್ತಿದ್ದ.

ಟೇಟ್ ಸುಮ್ಮನಾಗಲಿಲ್ಲ. ಅವನ ಕೇಸು ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಯಿತು. 1971ರಲ್ಲಿ ನ್ಯಾಯಮೂರ್ತಿ ವಿಲಿಯಂ ಬ್ರೆನನ್ ತೀರ್ಪು ಬರೆದರು. ರಾಜ್ಯವು ಒಂದು ತಪ್ಪಿಗೆ ದಂಡ ಮಾತ್ರ ಸಾಕು ಎಂದು ನಿರ್ಧರಿಸಿದ ಮೇಲೆ, ಕಟ್ಟಲಾಗಲಿಲ್ಲ ಎಂಬ ಕಾರಣಕ್ಕಷ್ಟೇ ಆ ದಂಡವನ್ನು ಜೈಲಾಗಿ ಬದಲಿಸುವುದು ಸಮಾನತೆಯ ಹಕ್ಕಿಗೆ ವಿರುದ್ಧ ಎಂಬುದು ಅದರ ತಿರುಳು. ದಂಡ ವಸೂಲಿಯೇ ಕೂಡದೆಂದು ಕೋರ್ಟು ಹೇಳಲಿಲ್ಲ. ಕಂತು ಮಾಡಿ, ಬೇರೆ ದಾರಿ ಹುಡುಕಿ ಎಂದಿತು. 1983ರಲ್ಲಿ ಬೇರ್ಡನ್ ಎಂಬವನ ಕೇಸಿನಲ್ಲಿ ಅದೇ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಹಣ ಕಟ್ಟಲಿಲ್ಲ ಎಂದು ಒಬ್ಬನನ್ನು ಜೈಲಿಗೆ ಕಳಿಸುವ ಮುಂಚೆ, ಅವನು ಇದ್ದೂ ಕಟ್ಟಲಿಲ್ಲವೋ ಇಲ್ಲದೆ ಕಟ್ಟಲಿಲ್ಲವೋ ಎಂದು ನ್ಯಾಯಾಧೀಶರು ವಿಚಾರಿಸಲೇಬೇಕು.

"ನಮ್ಮಲ್ಲೂ ಕೃಷ್ಣ ಅಯ್ಯರ್ ಇದ್ರಲ್ಲೇ," ಎಂದರು ಅಕ್ಕ. ನಮ್ಮ ಸುಪ್ರೀಂ ಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಹೆಸರು ಬಂದರೆ ಅವರ ಮುಖ ಅರಳುತ್ತದೆ. 1978ರ ಮೋತಿರಾಮ್ ಪ್ರಕರಣ ಜಾಮೀನಿಗೆ ಸಂಬಂಧಿಸಿದ್ದು. ಗಾರೆ ಕೆಲಸದ ಬಡವ ಅವನು. ಕೆಳಗಿನ ಕೋರ್ಟು 10,000 ರೂಪಾಯಿಯ ಭದ್ರತೆ ಕೇಳಿತ್ತು. ಕೃಷ್ಣ ಅಯ್ಯರ್ ಅವನ ಸ್ವಂತ ಮುಚ್ಚಳಿಕೆಯ ಮೇಲೆ 1,000ಕ್ಕೆ ಬಿಡಿ ಎಂದರು. ಎರಡು ವರ್ಷದ ನಂತರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ, ಸಾಲ ತೀರಿಸಲು ನಿಜವಾಗಿ ದಾರಿಯಿಲ್ಲದವನನ್ನು ಸಾಲದ ಡಿಕ್ರಿಗಾಗಿ ಜೈಲಿಗೆ ಹಾಕಬಾರದು ಎಂದೂ ಅವರೇ ಬರೆದರು. ಜಾಮೀನಿಗೆ, ಸಾಲಕ್ಕೆ ಒಪ್ಪಿದ ನ್ಯಾಯವನ್ನು ಸೊಪ್ಪಿನವನ ದಂಡಕ್ಕೂ ಹರಿಸಲು ಏನು ತೊಂದರೆ?

"ಆದ್ರೆ ಒಂದು ತೀರ್ಪು ಬಂದುಬಿಟ್ರೆ ಎಲ್ಲ ಸರಿಹೋಯ್ತು ಅಂದ್ಕೋಬೇಡ," ಅಕ್ಕ ಎಚ್ಚರಿಸಿದರು.

ನಿಜ. ಅಮೆರಿಕದ್ದೇ ಉದಾಹರಣೆ ಅದಕ್ಕೆ. ಮಿಸೌರಿ ರಾಜ್ಯದ ಫರ್ಗ್ಯುಸನ್ ಪಟ್ಟಣದ ಬಗ್ಗೆ ಅಲ್ಲಿನ ನ್ಯಾಯ ಇಲಾಖೆ 2015ರಲ್ಲಿ ಒಂದು ವರದಿ ಕೊಟ್ಟಿತು. ಅದರಲ್ಲಿ ಒಬ್ಬ ಬಡ ಹೆಂಗಸಿನ ವಿಷಯ ಬರುತ್ತದೆ. 2007ರಲ್ಲಿ ಒಂದು ಸಲ ಕಾರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೆ 151 ಡಾಲರ್ ಮತ್ತು ಮೇಲಿನ ಶುಲ್ಕ ಬಿತ್ತು. ಕಟ್ಟಲಾಗಲಿಲ್ಲ, ವಾಯಿದೆಗಳಿಗೆ ಹೋಗಲಾಗಲಿಲ್ಲ, ಪ್ರತಿ ತಪ್ಪಿಗೂ ಇನ್ನಷ್ಟು ದಂಡ ಏರಿತು. ಎರಡು ಸಲ ಬಂಧನ, 6 ದಿನ ಜೈಲು. ನಡುವೆ 25 ಡಾಲರ್, 50 ಡಾಲರ್ ಎಂದು ಕಂತಿನಲ್ಲಿ ಕಳಿಸಿದರೆ, ಪೂರ್ತಿ ಕೊಡಿ ಎಂದು ಕೋರ್ಟು ವಾಪಸು ಕಳಿಸಿತು. 2014ರ ಕೊನೆಗೆ ಆಕೆ ಕಟ್ಟಿದ್ದು 550 ಡಾಲರ್, ಇನ್ನೂ ಉಳಿದಿದ್ದ ಬಾಕಿ 541. ಟೇಟ್ ತೀರ್ಪು ಬಂದು ನಾಲ್ಕು ದಶಕಗಳಾದ ಮೇಲಿನ ಮಾತು ಇದು. ಪಟ್ಟಣದ ಆಡಳಿತ ತನ್ನ ವರಮಾನಕ್ಕೆ ಈ ದಂಡಗಳನ್ನೇ ನೆಚ್ಚಿಕೊಂಡಿತ್ತು. ದಂಡದಿಂದ ಖಜಾನೆ ತುಂಬಬೇಕು ಎಂಬ ಆಸೆ ಹುಟ್ಟಿದ ಕಡೆ ಬಡವನ ಅರ್ಜಿ ಯಾರ ಕಿವಿಗೂ ಬೀಳುವುದಿಲ್ಲ.

ಕೇಳುವ ಕಿವಿಯ ಮಾತು ಬಂದಾಗ ನಾನು ಫ್ರಾಂಕ್ ಕ್ಯಾಪ್ರಿಯೊ ಅವರನ್ನು ಎತ್ತಿದೆ. ಹೆಸರು ಗೊತ್ತಿಲ್ಲದಿದ್ದರೂ ಫೋನಿನಲ್ಲಿ ಆ ಬಿಳಿಗೂದಲ ಜಡ್ಜನ್ನು ನೋಡದವರು ಕಡಿಮೆ. ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದ ಮುನಿಸಿಪಲ್ ಕೋರ್ಟಿನಲ್ಲಿ 1985ರಿಂದ 2023ರ ತನಕ ಕೂತವರು. ಅವರ ತಂದೆ ಇಟಲಿಯಿಂದ ವಲಸೆ ಬಂದು ಹಣ್ಣು ಮಾರಿ, ಹಾಲು ಹಾಕಿ ಬದುಕಿದವರು. 96 ವರ್ಷದ ಮುದುಕನೊಬ್ಬ ಕಾಯಿಲೆಯ ಮಗನನ್ನು ರಕ್ತಪರೀಕ್ಷೆಗೆ ಕರೆದೊಯ್ಯುವಾಗ ಶಾಲೆಯ ಹತ್ತಿರ ವೇಗ ಹೆಚ್ಚಾಗಿತ್ತು ಎಂಬ ಕೇಸು ಅವರ ಮುಂದೆ ಬಂದಾಗ, ಅವರು ಅದನ್ನು ವಜಾ ಮಾಡಿದ್ದನ್ನು ನೋಡಿ ನಾನು ಕಣ್ಣೊರೆಸಿಕೊಂಡಿದ್ದೇನೆ. ಕಟ್ಟಲಾಗದವರಿಗಾಗಿ ಜನ ಕಳಿಸಿದ ಹಣವನ್ನು ಅವರು ತಾಯಿ ಫಿಲೊಮೆನಾ ಹೆಸರಿನ ನಿಧಿಯಲ್ಲಿಟ್ಟು, ಅದರಿಂದ ದಂಡ ತುಂಬಿಸುತ್ತಿದ್ದರು. 2025ರ ಆಗಸ್ಟಿನಲ್ಲಿ ತೀರಿಕೊಂಡಾಗ ನಮ್ಮ ಬೀದಿಯಲ್ಲೂ ಸುದ್ದಿಯಾಯಿತು.

ಅಕ್ಕನೂ ಅವರನ್ನು ಮೆಚ್ಚುತ್ತಾರೆ. ಆದರೂ ಹೇಳಿದರು: "ಒಳ್ಳೇ ಜಡ್ಜು ಸಿಕ್ಕಿದವನಿಗೆ ನ್ಯಾಯ, ಪಕ್ಕದ ಕೋರ್ಟ್ ಹಾಲಿನ ಜಡ್ಜು ಸಿಕ್ಕಿದವನಿಗಿಲ್ಲ ಅಂತಾಗಬಾರದು ಕಣೇ. ಕರುಣೆ ಇರ್ಲಿ, ಬೇಡ ಅನ್ನಲ್ಲ. ಆದ್ರೆ 'ನಿನ್ನ ಸಂಪಾದನೆ ಎಷ್ಟಪ್ಪಾ' ಅಂತ ಕೇಳೋದು ಕರುಣೆಯಿಂದಲ್ಲ, ಕಾನೂನಿಂದ ಆಗ್ಬೇಕು."

ನಮ್ಮಲ್ಲಿ ಕರುಣೆ ಬೇರೆ ರೂಪದಲ್ಲಿ ಬಂತು. 2023ರ ಫೆಬ್ರುವರಿಯಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಸಲಹೆಯಂತೆ ಸರ್ಕಾರ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿತು. ಆಮೇಲೂ ಬಂತು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಮತ್ತೆ ಬಂತು. ಜನ ಸಾಲುಗಟ್ಟಿ ನಿಂತು ಕಟ್ಟಿದರು. ಬಾಕಿ ಕೇಸುಗಳ ಹೊರೆ ಇಳಿದದ್ದೂ ನಿಜ. ಆದರೆ ಈ ಅರ್ಧ ಎಲ್ಲರಿಗೂ ಒಂದೇ ಅರ್ಧ. ದೊಡ್ಡ ಕಾರಿನಲ್ಲಿ ಸಿಗ್ನಲ್ ಹಾರಿದವನಿಗೂ ಸಿಕ್ಕಿತು, ಅವನಿಗೆ ಅದು ಬೇಕಿರಲಿಲ್ಲ. ಸೊಪ್ಪಿನವನಿಗೆ ಉಳಿದ 1,750 ಕೂಡ ಆ ವಾರಗಳಲ್ಲೇ ಹೊಂದಿಸಬೇಕು, ಅದೂ ದಂಡ ಬಿದ್ದದ್ದು ಅವನಿಗೆ ಆಗ ಗೊತ್ತಿದ್ದರೆ. ರಿಯಾಯಿತಿ ಕೊಡುವ ಮನಸ್ಸಿರುವ ಸರ್ಕಾರ ಅದನ್ನು ಇಲ್ಲದವರ ಕಡೆಗೆ ತಿರುಗಿಸಬಹುದಿತ್ತು. ರೇಷನ್ ಕಾರ್ಡಿನ ನಂಬರ್ ಸರ್ಕಾರದ ಹತ್ತಿರವೇ ಇದೆಯಲ್ಲ.

ಕೇಂದ್ರ ಗೃಹ ಇಲಾಖೆ 2023ರಲ್ಲಿ ಬಡ ಕೈದಿಗಳ ನೆರವಿಗೆ ಒಂದು ಯೋಜನೆ ತಂದಿದೆ. ದಂಡ ಕಟ್ಟಲಾಗದೆ ಒಳಗೇ ಉಳಿದವರಿಗೆ 25,000 ರೂಪಾಯಿ ತನಕ, ಜಾಮೀನಿನ ಹಣ ಇಲ್ಲದ ವಿಚಾರಣಾಧೀನರಿಗೆ 40,000ದ ತನಕ ಸರ್ಕಾರವೇ ಭರಿಸುತ್ತದೆ ಎಂದು ಆಗ ಅದರಲ್ಲಿತ್ತು. ಒಳ್ಳೆಯದಾಯಿತು. ಕಾಸಿಲ್ಲದ್ದಕ್ಕೇ ಜನ ಒಳಗಿದ್ದಾರೆ ಎಂದು ಸರ್ಕಾರ ಒಪ್ಪಿಕೊಂಡಂತಾಯಿತು. ಆದರೆ ಆ ನೆರವು ಸಿಗಬೇಕಾದರೆ ಮೊದಲು ಒಳಗೆ ಹೋಗಿರಬೇಕು.

ಅಷ್ಟರಲ್ಲಿ ಅಕ್ಕನ ಮಗ ಹೊರಗೆ ಬಂದು ನಮ್ಮ ಮಾತು ಕೇಳಿಸಿಕೊಂಡು, "ಹಾಗಾದ್ರೆ ಬಡವರು ಹೆಲ್ಮೆಟ್ ಹಾಕೋದೇ ಬೇಡ್ವಾ?" ಎಂದ. ನ್ಯಾಯವಾದ ಪ್ರಶ್ನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ಶೇ 44.5 ದ್ವಿಚಕ್ರ ವಾಹನದವರು ಎನ್ನುತ್ತದೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ. ಅದೇ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಸೊಪ್ಪಿನವನ ತಲೆಯೂ ಅದೇ ರಸ್ತೆಯಲ್ಲಿ ಬೆಳಗಿನ ಕತ್ತಲಲ್ಲಿ ಬರುತ್ತದೆ. ಅವನಿಗೆ ಏನಾದರೂ ಆದರೆ ಆ ಮನೆಗೆ ಆಧಾರವಿಲ್ಲ. ನಿಯಮ ಅವನಿಗೂ ಬೇಕು, ಬಹುಶಃ ಅವನಿಗೇ ಹೆಚ್ಚು ಬೇಕು. ಆದರೆ 3,500 ಕಿತ್ತುಕೊಂಡರೆ ಅವನು ಹೆಲ್ಮೆಟ್ ಕೊಳ್ಳುವ ಶಕ್ತಿಯನ್ನೂ ಕಿತ್ತುಕೊಂಡಂತೆ. ಐಎಸ್‌ಐ ಗುರುತಿನ ಹೆಲ್ಮೆಟ್ ಕೊಂಡ ರಸೀದಿ ತಂದು ತೋರಿಸು, ದಂಡದಲ್ಲಿ ಅಷ್ಟು ಬಿಡುತ್ತೇನೆ ಎನ್ನುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದ್ದಿದ್ದರೆ! ಹುಡುಗ ಸ್ವಲ್ಪ ಯೋಚಿಸಿ, ಅದಾದರೆ ಸರಿ ಎಂದ.

ಸೇವೆಯ ಮಾತೂ ಬಂತು. ದಂಡ ಕಟ್ಟಲಾಗದವನು ಆಸ್ಪತ್ರೆಯಲ್ಲೋ ಶಾಲೆಯ ಮುಂದಿನ ರಸ್ತೆಯಲ್ಲೋ ಒಂದಿಷ್ಟು ಗಂಟೆ ಕೆಲಸ ಮಾಡಲಿ ಎಂಬುದು. 2019ರ ತಿದ್ದುಪಡಿಯಲ್ಲಿ ಸಮುದಾಯ ಸೇವೆ ಸೇರಿದೆ. ಆದರೆ ರಾಜಿಯ ಹಣ ಕಟ್ಟಿದ ಮೇಲೂ ಸರ್ಕಾರ ಹೆಚ್ಚುವರಿಯಾಗಿ ಮಾಡಿಸಬಹುದಾದ ಕೆಲಸ ಅದು. ಹಣಕ್ಕೆ ಬದಲಾಗಿ ಅಲ್ಲ. ಬದಲಾಗಿ ಬಂದರೂ ಒಂದು ಎಚ್ಚರ ಬೇಕು. ಸೊಪ್ಪಿನವನನ್ನು ಬೆಳಗಿನಿಂದ ಸಂಜೆಯ ತನಕ ನಿಲ್ಲಿಸಿದರೆ ಆ ದಿನದ ಸೊಪ್ಪು ತಿಪ್ಪೆಗೆ. ಅಂದರೆ ದಂಡ ಇನ್ನೊಂದು ಬಾಗಿಲಿಂದ ವಸೂಲಾಯಿತು. ಅವನ ದುಡಿಮೆ ಮುಗಿದ ಮಧ್ಯಾಹ್ನದ ಎರಡು ಗಂಟೆ ತೆಗೆದುಕೊಳ್ಳಲಿ.

ಫಿನ್‌ಲ್ಯಾಂಡಿನಲ್ಲಿ 1921ರಿಂದ ಇನ್ನೊಂದು ಪದ್ಧತಿ ಇದೆ. ದೊಡ್ಡ ತಪ್ಪುಗಳಿಗೆ ದಂಡವನ್ನು ದಿನಗಳಲ್ಲಿ ಹೇಳುತ್ತಾರೆ, ಒಂದು ದಿನದ ಬೆಲೆಯನ್ನು ತಪ್ಪು ಮಾಡಿದವನ ವರಮಾನ ನೋಡಿ ಕಟ್ಟುತ್ತಾರೆ. 2002ರಲ್ಲಿ ನೋಕಿಯಾ ಕಂಪನಿಯ ದೊಡ್ಡ ಅಧಿಕಾರಿ ಆನ್ಸಿ ವಾನ್ಯೋಕಿ, ಗಂಟೆಗೆ 50 ಕಿ.ಮೀ. ಮಿತಿಯ ರಸ್ತೆಯಲ್ಲಿ 75ರ ವೇಗದಲ್ಲಿ ಬೈಕ್ ಓಡಿಸಿದ್ದಕ್ಕೆ 1,16,000 ಯೂರೊ ದಂಡ ಬಿದ್ದು ಜಗತ್ತೇ ತಿರುಗಿ ನೋಡಿತು. ಆಮೇಲೆ ಅವರ ವರಮಾನ ಇಳಿದದ್ದನ್ನು ನೋಡಿ ಕೋರ್ಟು ಅದನ್ನು ಬಹಳ ಇಳಿಸಿತು. ಇಳಿಸಿದ್ದೇ ನನಗೆ ಹೆಚ್ಚು ಮುಖ್ಯ. ವರಮಾನ ಕೇಳುವ ಅಭ್ಯಾಸವಿರುವ ಕೋರ್ಟು ಶ್ರೀಮಂತನಿಗೂ ಬಡವನಿಗೂ ಅದನ್ನೇ ಕೇಳುತ್ತದೆ. ನಮ್ಮಲ್ಲಿ ಸಂಬಳದ ಚೀಟಿಯಿಲ್ಲದ ಕೋಟಿಗಟ್ಟಲೆ ಜನರ ವರಮಾನ ಅಳೆಯುವುದು ಕಷ್ಟ ಎಂಬುದನ್ನು ಒಪ್ಪುತ್ತೇನೆ. ಅಷ್ಟು ದೂರ ಹೋಗದಿದ್ದರೂ ಕ್ಯಾಲಿಫೋರ್ನಿಯಾದಷ್ಟಾದರೂ ಹೋಗಬಹುದು. ಅಲ್ಲಿನ ಕೋರ್ಟುಗಳು ಮೈಸೈಟೇಷನ್ಸ್ ಎಂಬ ವ್ಯವಸ್ಥೆ ಮಾಡಿವೆ. ಟ್ರಾಫಿಕ್ ಚೀಟಿ ಬಿದ್ದವನು ಫೋನಿನಲ್ಲೇ ತನ್ನ ಮನೆಯ ವರಮಾನ, ಸರ್ಕಾರದಿಂದ ಬರುವ ನೆರವು ತಿಳಿಸಿ, ದಂಡ ಇಳಿಸಿ, ಕಂತು ಕೊಡಿ, ಕಾಲಾವಕಾಶ ಕೊಡಿ, ಸೇವೆಗೆ ಹಾಕಿ ಎಂದು ಕೇಳಬಹುದು. ನಮ್ಮ ವರ್ಚುವಲ್ ಕೋರ್ಟಿಗೆ ಬೇಕಾದ ಮೂರನೆಯ ಗುಂಡಿ ಇದೇ. ತಂತ್ರಜ್ಞಾನ ನಮ್ಮವರಿಗೆ ಹೊಸದಲ್ಲ. ಕ್ಯಾಮೆರಾಗೆ ಬಡವನ ತಲೆ ಕಾಣುವ ಹಾಗೆ, ಅವನ ಜೇಬೂ ಕೋರ್ಟಿಗೆ ಕಾಣುವ ಏರ್ಪಾಡು ಆಗಬೇಕು.

"ಅದು ಆದಾಗ ಆಗ್ಲಿ. ನಾಳೆ ಅವನಿಗೆ ಏನು ಹೇಳೋಣ?" ಎಂದು ಅಕ್ಕ ನನ್ನ ಕೈಗೆ ಹಾಳೆ ಪೆನ್ನು ಕೊಟ್ಟರು.

ಅವರು ಹೇಳಿದ್ದನ್ನು ಬರೆದುಕೊಂಡೆ. ಮೊದಲು ಆ 7 ಕೇಸುಗಳ ವಿವರ ತೆಗೆಸಿ, ಗಾಡಿಯ ಆರ್‌ಸಿಯನ್ನು ಅವನ ಹೆಸರಿಗೆ ಮಾಡಿಸುವ ದಾರಿ ನೋಡಬೇಕು. ಜಿಲ್ಲಾ ಕೋರ್ಟಿನ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ, ಅಲ್ಲಿಗೆ ಹೋಗಬೇಕು. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ವರಮಾನ ಕಡಿಮೆ ಇರುವವರಿಗೆ ವಕೀಲರು ಪುಕ್ಕಟೆ. ಹೋಗಲಾಗದಿದ್ದರೆ 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ರಾಷ್ಟ್ರೀಯ ಲೋಕ ಅದಾಲತ್ ಹತ್ತಿರದಲ್ಲಿದ್ದರೆ ಕೇಸನ್ನು ಅಲ್ಲಿಗೆ ತೆಗೆದುಕೊಳ್ಳಿ ಎಂದು ಕೇಳಬೇಕು. ರೇಷನ್ ಕಾರ್ಡು, ಮನೆ ಬಾಡಿಗೆಯ ಚೀಟಿ, ಮಕ್ಕಳ ಶಾಲೆಯ ಶುಲ್ಕದ ರಸೀದಿ, ಔಷಧಿಯ ಬಿಲ್ಲು ಇದ್ದರೆ ಅವೂ ಜೊತೆಗಿರಲಿ. ಅರ್ಜಿ ಕನ್ನಡದಲ್ಲೇ ಇರಲಿ: ತಪ್ಪು ಒಪ್ಪುತ್ತೇನೆ, ಇದಕ್ಕೆ ಮುಂಚೆ ನನಗೆ ಯಾವ ಶಿಕ್ಷೆಯೂ ಆಗಿಲ್ಲ, ನೋಟಿಸು ನನಗೆ ತಲುಪಿರಲಿಲ್ಲ, ದಿನದ ಸಂಪಾದನೆ ಇಷ್ಟು, ಸಾಕಬೇಕಾದವರು ಇಷ್ಟು ಜನ, ಹೆಲ್ಮೆಟ್ ಕೊಂಡಿದ್ದೇನೆ, ಬುದ್ಧಿ ಹೇಳಿ ಬಿಡಬೇಕು, ಅದಾಗದಿದ್ದರೆ ಕಂತು ಮಾಡಿಕೊಡಬೇಕು.

"ಒಂದು ಮಾತು ದಪ್ಪ ಅಕ್ಷರದಲ್ಲಿ ಬರಿ," ಎಂದರು ಅಕ್ಕ. "ತಪ್ಪು ಒಪ್ಕೊಳ್ತೀಯಾ ಅಂತ ಕೇಳಿದ ತಕ್ಷಣ ಬರೀ ತಲೆಯಾಡಿಸಿ ನಿಲ್ಲಬಾರದು. ಅರ್ಜಿ ಅದಕ್ಕೆ ಮುಂಚೆ ಮೇಜಿನ ಮೇಲಿರ್ಬೇಕು. ಆದೇಶಕ್ಕೆ ಸಹಿ ಬಿದ್ಮೇಲೆ, ಬರವಣಿಗೆ ತಪ್ಪು ಬಿಟ್ಟು ಬೇರೇನನ್ನೂ ತಿದ್ದೋಕೆ ಆ ಜಡ್ಜಿಗೂ ಅಧಿಕಾರ ಇಲ್ಲ. ಎಷ್ಟೋ ಜನ ಹೊರಗೆ ಬಂದ್ಮೇಲೆ ನನ್ನ ಮೇಜಿನ ಹತ್ರ ಬಂದು ಕಷ್ಟ ಹೇಳ್ಕೊಳ್ತಿದ್ರು. ಒಳಗೆ ಹೇಳಿದ್ರೆ ಕೇಳ್ತಿದ್ರೋ ಏನೋ."

ಅದನ್ನು ಹಾಳೆಯ ಮೇಲ್ಗಡೆ ಬರೆದು, ಕೆಳಗೆ ಎರಡು ಗೆರೆ ಎಳೆದೆ.